ಕಾಶ್ಮೀರ ಪ್ಯಾಕೇಜ್ ಪ್ರವಾಸ: ಹಣ ಕಟ್ಟುವ ಮುನ್ನ ಗಮನಿಸಿ

ರೈಲು, ಬಸ್ಸು, ವಸತಿಗಳನ್ನೆಲ್ಲ ನಾನೇ ಗೊತ್ತುಮಾಡಿಕೊಂಡು ತಿರುಗಾಡುವುದು ನನ್ನ ರೂಢಿ. ಈ ಸಲ ತಾಯಿಯ ಜೊತೆಗೆ ಮಂಡಿನೋವಿನ ತಂದೆಯೂ ಹೊರಟಿದ್ದರಿಂದ, ಮೊದಲ ಬಾರಿಗೆ ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದರ ಪ್ಯಾಕೇಜಿನಲ್ಲಿ ಕಾಶ್ಮೀರಕ್ಕೆ ಹೋಗಿದ್ದೆವು. ಆ ಸಂಸ್ಥೆಯ ಮೇಲೆ ನಾನು ಕೊಟ್ಟ ದೂರು ಇನ್ನೂ ಇತ್ಯರ್ಥವಾಗದಿರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಕರಪತ್ರದಲ್ಲಿ ಗುಲ್ಮಾರ್ಗ್, ಸೋನಾಮಾರ್ಗ್, ಪಹಲ್ಗಾಮ್‌ಗಳ ಸ್ಥಳವೀಕ್ಷಣೆ ಸೇರಿದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆದರೆ ಸಂಸ್ಥೆಯ ಟೆಂಪೊ ಟ್ರಾವೆಲರ್ ಹೋಗಿದ್ದು ಆಯಾ ಊರಿನ ವಾಹನ ನಿಲ್ದಾಣದವರೆಗೆ ಮಾತ್ರ. ಪಹಲ್ಗಾಮ್‌ನಿಂದ ಅರು, ಬೇತಾಬ್ ಕಣಿವೆ, ಚಂದನ್‌ವಾಡಿಗೆ ಸ್ಥಳೀಯ ಟ್ಯಾಕ್ಸಿ ಯೂನಿಯನ್ನಿನ ವಾಹನವನ್ನೇ ಹಿಡಿಯಬೇಕು; ಸೋನಾಮಾರ್ಗ್‌ನಿಂದ ಥಾಜಿವಾಸ್ ಹಿಮನದಿಯ ಕಡೆಗೆ ಹೋಗಬೇಕಾದರೆ ಕುದುರೆ ಇಲ್ಲವೇ ಅಲ್ಲಿನ ವಾಹನವೇ ಗತಿ. ಅಲ್ಲಿನವರ ಹೊಟ್ಟೆಪಾಡಿನ ಈ ವ್ಯವಸ್ಥೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ವರ್ಷವಿಡೀ ಅಲ್ಲಿಗೆ ಜನರನ್ನು ಕರೆದೊಯ್ಯುವ ಸಂಸ್ಥೆ ಇದನ್ನು ಒಂದು ಸಾಲಿನಲ್ಲಾದರೂ ತಿಳಿಸದೆ ಹಣ ಕಟ್ಟಿಸಿಕೊಂಡಿತಲ್ಲ, ತಕರಾರಿರುವುದು ಅದರ ಬಗ್ಗೆ.

ಗುಲ್ಮಾರ್ಗ್‌ನಲ್ಲಿ ಆದದ್ದಂತೂ ಇನ್ನೂ ಕೆಟ್ಟದ್ದು. ದಾರಿಯಲ್ಲಿ ತಂಗ್‌ಮಾರ್ಗ್‌ನಲ್ಲಿ ಯಾರೂ ಕೇಳದಿದ್ದರೂ ಚಾಲಕ ಗಾಡಿ ನಿಲ್ಲಿಸಿದ. ಗಮ್‌ಬೂಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ ಅಂಗಡಿಯವನು, ಇನ್ನೊಬ್ಬರು ಬಿಚ್ಚಿಟ್ಟು ಒಳಗಿನ ಒದ್ದೆ ಇನ್ನೂ ಆರದ ಜೋಡಿಯೊಂದನ್ನು ತಂದೆಯ ಕಾಲಿಗೆ ತೊಡಿಸಿಯೇ ಬಿಟ್ಟ. ಮೇಲೆ ಹೋದಾಗ ತಿಳಿದ ಸಂಗತಿಯೆಂದರೆ, ಗೊಂಡೋಲಾ ಎಂಬ ಕೇಬಲ್ ಕಾರಿನ ಟಿಕೆಟನ್ನು ಸರ್ಕಾರಿ ಕೇಬಲ್ ಕಾರ್ ನಿಗಮದ ಜಾಲತಾಣದಲ್ಲಿ ಪ್ರಯಾಣಿಕರ ಹೆಸರು ಕೊಟ್ಟು ಮುಂಗಡವಾಗಿಯೇ ಕಾಯ್ದಿರಿಸಬೇಕಿತ್ತು. ಕೊಂಗ್‌ಡೂರಿಯವರೆಗಿನ ಮೊದಲ ಹಂತದ ಟಿಕೆಟುಗಳೂ, ಸುಮಾರು 3,980 ಮೀಟರ್ ಎತ್ತರದ ಅಫರ್ವತ್‌ವರೆಗಿನ ಎರಡನೆಯ ಹಂತದ ಟಿಕೆಟುಗಳೂ ಅಂದಿಗೆ ಮುಗಿದಿದ್ದವು. ಟೂರ್ ಮ್ಯಾನೇಜರ್ ಮಹಾಶಯರು ‘ಅದು ನಿಮ್ಮ ಜವಾಬ್ದಾರಿ ಸರ್’ ಎಂದು ಹೇಳಿ ಫೋನ್ ಹಿಡಿದು ಅತ್ತ ನಡೆದರು. ನಾವು ಫೋನ್ ಮಾಡಿ ಬೆಂಗಳೂರಿನ ಕಚೇರಿಯನ್ನು ವಿಚಾರಿಸೋಣವೆಂದರೆ, ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡದು ಎಂಬುದನ್ನೂ ನಾವು ಹೊರಡುವ ಮೊದಲು ಸಂಸ್ಥೆಯವರು ಹೇಳಿರಲಿಲ್ಲ.

ಇಷ್ಟಾದರೂ ಪಾಂಪೋರ್ ಬಳಿ ಕೇಸರಿ ಮತ್ತು ಒಣಹಣ್ಣಿನ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂರಿಸಲು ಅವರಿಗೆ ಸಮಯದ ಕೊರತೆ ಇರಲಿಲ್ಲ. ಅಂಗಡಿಯಲ್ಲಿ ಮ್ಯಾನೇಜರಿಗೆ ಸಿಕ್ಕ ಉಪಚಾರ ನೋಡಿದರೆ ಕಮಿಷನ್ ವ್ಯವಹಾರವೆಂಬುದು ಯಾರಿಗಾದರೂ ಹೊಳೆಯುತ್ತದೆ. ಊಟ, ಹೋಟೆಲುಗಳ ಬಗ್ಗೆ ದೂರಿಲ್ಲ. ಬೆಳಗಿನ ಉಪ್ಪಿಟ್ಟು ಚೆನ್ನಾಗಿಯೇ ಇತ್ತು.

ಕಾಶ್ಮೀರಕ್ಕೆ ಪ್ಯಾಕೇಜಿನಲ್ಲಿ ಹೊರಡುವವರು ಮುಂಗಡ ಕೊಡುವ ಮೊದಲೇ ಗೊಂಡೋಲಾ ಟಿಕೆಟ್, ಯೂನಿಯನ್ ಟ್ಯಾಕ್ಸಿ, ಕುದುರೆ ಬಾಡಿಗೆ ಮತ್ತು ಜಿಎಸ್‌ಟಿ ದರದೊಳಗೆ ಸೇರಿವೆಯೇ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ‘ಎಲ್ಲಾ ನಾವು ನೋಡ್ಕೋತೀವಿ’ ಎಂದದ್ದಕ್ಕೆ ಆಮೇಲೆ ಬೆಲೆ ಇರುವುದಿಲ್ಲ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಸಹಾಯವಾಣಿಯ ಮೂಲಕ ಸಲ್ಲಿಸಿದ ನನ್ನ ದೂರಿಗೆ ಉತ್ತರವಾಗಿ ಸಂಸ್ಥೆಯವರು ತಮ್ಮ ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕೊಡುವುದಾಗಿ ತಿಳಿಸಿದ್ದಾರೆ. ಕೂಪನ್ ಬೇಡ, ಹಣವನ್ನೇ ಮರಳಿಸಿ ಎಂದು ಬರೆದಿದ್ದೇನೆ.