ಹವಳದ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಬೇಡಿ

ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಡುತ್ತಿರುವವರು ದಯವಿಟ್ಟು ಇದನ್ನು ಓದಿ. ಎಂಟು ತಿಂಗಳು ಜೋಪಾನ ಮಾಡಿದ ನನ್ನ ಟ್ಯಾಂಕ್ ಒಂದೇ ರಾತ್ರಿಯಲ್ಲಿ ಹಾಳಾಯಿತು. ಹಾಳು ಮಾಡಿದ್ದು ನಾನೇ.

ಶುರುವಿನಲ್ಲಿ ಅವಸರ ಮಾಡಿರಲಿಲ್ಲ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ತನಕ ಆರು ವಾರ ಕಾದಿದ್ದೆ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣತೆ 25 ಡಿಗ್ರಿ, ಎಲ್ಲ ಸರಿಯಾಗಿಯೇ ಇತ್ತು. ಎರಡು ಕ್ಲೌನ್ ಮೀನು, ಬಸವನಹುಳುಗಳು, ಒಂದು ಕ್ಲೀನರ್ ಸಿಗಡಿ, ಮೂರು ಹವಳದ ತುಂಡು ಚೆನ್ನಾಗಿ ಹೊಂದಿಕೊಂಡಿದ್ದವು. ಆಮೇಲೆ ಹೊಸದೊಂದು ಟ್ಯಾಂಗ್ ಮೀನು ತಂದು ನೇರ ಒಳಗೆ ಬಿಟ್ಟೆ.

ವಾರದೊಳಗೆ ಅದರ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು. ಇಕ್ ರೋಗ, ಮೀನಿಗೆ ಅಂಟುವ ಒಂದು ಪರಾವಲಂಬಿ ಜೀವಿಯಿಂದ ಬರುವಂಥದ್ದು. ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟು, "ಟ್ಯಾಂಕಿಗೇ ಹಾಕಿ, ಏನೂ ಆಗಲ್ಲ" ಅಂದರು. ಬಾಟಲಿಯ ಸಣ್ಣಕ್ಷರ ಓದದೆ ಸಂಜೆ ಹಾಕಿಬಿಟ್ಟೆ. ಅದು ಕಾಪರ್ ಸಲ್ಫೇಟ್, ಅಂದರೆ ತಾಮ್ರದ ಔಷಧಿ.

ಟ್ಯಾಂಕಿನೊಳಗೆ ಕೈ ಇಟ್ಟರೆ ಸಾಕು, ಆ ಸಿಗಡಿ ಬಂದು ಉಗುರಿನ ಸಂದು ಕೆದಕುತ್ತಿತ್ತು. ರಾತ್ರಿ ಹನ್ನೊಂದಕ್ಕೆ ನೋಡಿದರೆ ಅಡ್ಡಾದಿಡ್ಡಿ ಚಿಮ್ಮುತ್ತಿದೆ. ಸ್ವಲ್ಪ ಹೊತ್ತಿಗೆ ಮಗ್ಗುಲಾಗಿ ಬಿದ್ದು ಕಾಲುಗಳನ್ನಷ್ಟೇ ಆಡಿಸುತ್ತಿತ್ತು. ಬೆಳಿಗ್ಗೆ ಬಸವನಹುಳುಗಳೆಲ್ಲ ಗಾಜಿನಿಂದ ಕಳಚಿ ಮರಳ ಮೇಲೆ ಅಂಗಾತ ಬಿದ್ದಿದ್ದವು. ನಾಲ್ಕು ದಿನದಲ್ಲಿ ಹವಳಗಳ ಮಾಂಸ ಕರಗಿ ಬಿಳಿ ಅಸ್ಥಿ ಕಂಡಿತು. ಸತ್ತವುಗಳಿಂದ ಅಮೋನಿಯಾ ಏರಿ ಒಂದು ಕ್ಲೌನ್ ಮೀನೂ ಹೋಯಿತು.

ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ನೀರು ಬದಲಿಸಿದೆ, ನೀರು ಸೋಸುವ ಕಾರ್ಬನ್ ಹಾಕಿದೆ. ಆದರೆ ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿರುವ ಟ್ಯಾಂಕಿನ ಕಲ್ಲು), ಮರಳು ಎರಡೂ ತಾಮ್ರ ಹೀರಿಕೊಂಡು ಮತ್ತೆ ಚೂರುಚೂರೇ ನೀರಿಗೆ ಬಿಡುತ್ತವೆ. ತಿಂಗಳು ಬಿಟ್ಟು ತಂದ ಎರಡು ಬಸವನಹುಳುಗಳೂ ಉಳಿಯಲಿಲ್ಲ. ಕೊನೆಗೆ ಅಷ್ಟೂ ಕಲ್ಲು, ಮರಳು ಎಸೆದೆ.

ಇಕ್ ಬಂದರೆ ಎಲ್ಲ ಮೀನುಗಳನ್ನೂ ಬೇರೆ ಟ್ಯಾಂಕಿಗೆ ಸಾಗಿಸಿ. ಅಲ್ಲಿ ಕಲ್ಲು, ಮರಳು ಬೇಡ. ಸ್ಪಂಜ್ ಫಿಲ್ಟರ್, ಹೀಟರ್, ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು ಸಾಕು. ತಾಮ್ರ ಕೊಡುವುದಾದರೆ ಅಲ್ಲೇ, ಟೆಸ್ಟ್ ಕಿಟ್‌ನಲ್ಲಿ ದಿನಾ ಅಳೆದು. ಹವಳದ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಿ, ಮೀನು ಸಿಗದೆ ಆ ಪರಾವಲಂಬಿ ಸಾಯುತ್ತದೆ. ಚುಕ್ಕೆ ಮಾಯವಾದ ಮಾತ್ರಕ್ಕೆ ರೋಗ ಹೋಯಿತು ಅಂತ ನಂಬಬೇಡಿ. ಪರಾವಲಂಬಿ ಮೀನಿನಿಂದ ಕಳಚಿ ಮರಳಲ್ಲಿ ಕೋಶ ಕಟ್ಟಿಕೊಂಡು, ಆಮೇಲೆ ನೂರಾರಾಗಿ ಹೊರಬರುತ್ತದೆ.

ನಾನೀಗ ಹೊಸ ಮೀನು ಯಾವುದೇ ಬರಲಿ, ಮೊದಲು ಆ ಬೇರೆ ಟ್ಯಾಂಕಿನಲ್ಲೇ ವಾರಗಟ್ಟಲೆ ಇಟ್ಟು ನೋಡುತ್ತೇನೆ. ಅದರ ಬಲೆ, ಬಕೆಟ್ ಯಾವುದನ್ನೂ ಹವಳದ ಟ್ಯಾಂಕಿಗೆ ತಾಗಿಸುವುದಿಲ್ಲ.