ಬೆಕ್ಕು ಉಚ್ಚೆ ಮಾಡಿದ ಸೋಫಾಗೆ ಹಬೆ ಹಾಯಿಸಲು ಬಿಡಬೇಡಿ

ಸೋಫಾ ತೊಳೆಯಲು ಬಂದವರು ಹಬೆಯ ಮೆಷಿನ್ ಹೊರಗೆ ತೆಗೆದರೆ ಅಲ್ಲೇ ತಡೆಯಿರಿ. ಬೇರೆ ಕೊಳೆಗೆ ಹಬೆ ಸರಿ ಇರಬಹುದು. ಉಚ್ಚೆಗೆ ಮಾತ್ರ ಖಂಡಿತ ಬೇಡ. ನಮ್ಮ ಕುಶನ್ ಕೆಟ್ಟಿದ್ದು ಬೆಕ್ಕಿಗಿಂತ ಜಾಸ್ತಿ ಆ ಮೆಷಿನ್‌ನಿಂದ.

ಇದು ಬೆಕ್ಕಿನ ಉಚ್ಚೆ ಅಂತ ಬುಕ್ ಮಾಡುವಾಗಲೇ ಹೇಳಿದ್ದೆ. ಬಂದವರಿಗೂ ಜಾಗ ತೋರಿಸಿ ಹೇಳಿದೆ. "ಬಿಸಿಗೆ ಎಲ್ಲಾ ಹೋಗುತ್ತೆ" ಅಂದರು. ಹಬೆ ಹಾಯಿಸಿದರು, ಮೇಲೆ ಘಮಘಮ ಅನ್ನುವ ಸ್ಪ್ರೇ ಹೊಡೆದರು, ದುಡ್ಡು ತಗೊಂಡು ಹೋದರು. ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಮೋಡ ಕವಿದು ಗಾಳಿಯಲ್ಲಿ ತೇವ ಏರಿದ್ದೇ ತಡ, ವಾಸನೆ ಮೊದಲಿಗಿಂತ ಜೋರಾಗಿ ಎದ್ದಿತು. ಚಿಕ್ಕದಿದ್ದ ಕಲೆ ಅಗಲವಾಗಿ, ಅಂಚಿಗೆ ಕಂದು ಗೆರೆ ಬಂದಿತ್ತು. ಮತ್ತೆ ಕರೆದರೆ "ಬೆಕ್ಕು ಪುನಃ ಮಾಡಿದೆ" ಅಂತ ವಾದ. ಇನ್ನೊಂದು ಸಲ ಹಬೆ ಹಾಯಿಸಲು ಬೇರೆ ದುಡ್ಡು ಕೇಳಿದರು. ತೊಳೆಯುವುದನ್ನೇ ಕೆಲಸ ಮಾಡಿಕೊಂಡವರಿಗೆ ಇಷ್ಟೂ ಗೊತ್ತಿರಬೇಡವೇ?

ಆಗುವುದು ಇಷ್ಟು. ಉಚ್ಚೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಅದು ಒಣಗಿ ಹರಳಾಗುತ್ತದೆ, ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಬೆಯ ಬಿಸಿಗೆ ಕಲೆ ನೂಲಿಗೇ ಕಚ್ಚಿಕೊಳ್ಳುತ್ತದೆ. ಹಬೆಯ ನೀರು ಉಳಿದದ್ದನ್ನು ಬಟ್ಟೆಯಿಂದ ಕೆಳಗಿನ ಫೋಮ್‌ಗೆ ಇಳಿಸುತ್ತದೆ. ಆಮೇಲೆ ತೇವ ತಾಗಿದಾಗೆಲ್ಲ ವಾಸನೆ ಏಳುತ್ತದೆ. ನಮ್ಮ ಮೂಗಿಗೆ ಬರದಿದ್ದರೂ ಬೆಕ್ಕಿಗೆ ಗೊತ್ತಾಗುತ್ತದೆ, ಅದೇ ಜಾಗಕ್ಕೆ ಮತ್ತೆ ಹೋಗುತ್ತದೆ.

ಬ್ಲೀಚ್ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಉಚ್ಚೆಯಲ್ಲಿ ಹುಟ್ಟುವ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಅನ್ನೋ ವಿಷದ ಗಾಳಿ ಬರುತ್ತದೆ. ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಕೆಟ್ಟದ್ದು. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಅದರ ವಾಸನೆಯೇ ಉಚ್ಚೆಯ ಹಾಗಿರುತ್ತದೆ.

ಹಸಿ ಇರುವಾಗಲೇ ಒಣ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎನ್‌ಜೈಮ್ ಕ್ಲೀನರ್ ಹಾಕಿ, ಅಂದರೆ ಉಚ್ಚೆಯ ಕೊಳೆಯನ್ನು ಒಡೆಯುವ ಕಿಣ್ವ ಇರುವ ದ್ರಾವಣ. ಸುಮ್ನೆ ಮೇಲೆ ಚಿಮುಕಿಸಿದರೆ ಸಾಲದು, ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಅದೂ ಇಳಿಯಬೇಕು. ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಲಿ, ಆಮೇಲೆ ತಾನಾಗಿ ಒಣಗಲಿ. ಆದರೆ ಮೊದಲು ಸೋಫಾದ ಲೇಬಲ್ ನೋಡಿ. 'ಡಬ್ಲ್ಯೂ' ಅಂತಿದ್ದರೆ ನೀರಿನ ಕ್ಲೀನರ್ ನಡೆಯುತ್ತದೆ, ಬರೀ 'ಎಸ್' ಇದ್ದರೆ ನೀರು ತಾಗಿಸಬಾರದು. ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ಬಣ್ಣ ಬಿಡುತ್ತದಾ ನೋಡುವುದು ಒಳ್ಳೆಯದು. ನಮ್ಮದರಲ್ಲಿ ಹಬೆಯಿಂದ ವಾಸನೆ ತಳದವರೆಗೆ ಇಳಿದಿತ್ತು. ಕೊನೆಗೆ ಆ ಕುಶನ್‌ನ ಫೋಮನ್ನೇ ಬದಲಿಸಬೇಕಾಯಿತು.

ಇನ್ನೊಂದು ಮಾತು, ಸೋಫಾಗಿಂತ ಮುಖ್ಯವಾದದ್ದು. ತನ್ನ ಟ್ರೇ ಬಿಟ್ಟು ಬೇರೆ ಕಡೆ ಉಚ್ಚೆ ಮಾಡುವ ಬೆಕ್ಕನ್ನು ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಮೂತ್ರಕೋಶದ ಉರಿಯೂತ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದರೂ ಉಚ್ಚೆ ಬರದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಉಚ್ಚೆಯ ದಾರಿ ಕಟ್ಟಿಕೊಂಡಿದ್ದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ರಾತ್ರಿಯಾಗಿದ್ದರೂ ಆಗಲೇ ಕರೆದುಕೊಂಡು ಹೋಗಿ.