ಕಾಫಿ ತೋಟದಲ್ಲಿ ಕುಬೋಟಾ ಬಿ2441: ಆಯಿಲ್ ಬಗ್ಗೆ ಒಂದಿಷ್ಟು

ಸಕಲೇಶಪುರ ಕಡೆ ನಮ್ಮ ತೋಟಕ್ಕೆ ಈ ಪುಟ್ಟ ಟ್ರ್ಯಾಕ್ಟರ್ ಬಂದು ಕೆಲವು ಮಳೆಗಾಲ ಕಳೆದಿವೆ. 24 ಎಚ್‌ಪಿ, ಮೂರು ಸಿಲಿಂಡರ್, 1,123 ಸಿಸಿ, ಫೋರ್ ವೀಲ್ ಡ್ರೈವ್. ಗಿಡದ ಸಾಲಿನ ನಡುವೆ ನುಗ್ಗುತ್ತದೆ, ಸದ್ದು ಕಡಿಮೆ. ಇದನ್ನು ಎಲ್ಲರೂ ಬರೆದಿದ್ದಾರೆ, ಬಿಡಿ.

ಕೊಂಡವರು ಮೊದಲು ಕೇಳುವುದು "ಇಂಜಿನ್‌ಗೆ ಯಾವ ಕಂಪನಿ ಆಯಿಲ್?" ಅಂತ. ಅಷ್ಟು ತಲೆ ಕೆಡಿಸಿಕೊಳ್ಳುವ ಜಾಗ ಅದಲ್ಲ. ಡಬ್ಬದ ಮೇಲೆ 15ಡಬ್ಲ್ಯೂ-40 (ಆಯಿಲ್ ಎಷ್ಟು ದಪ್ಪ ಅನ್ನುವ ಗುರುತು), ಸಿಐ-4 (ಡೀಸೆಲ್ ಇಂಜಿನ್ ಆಯಿಲ್‌ನ ದರ್ಜೆ) ಎಂದಿದ್ದರೆ ಸಾಕು. ದುಬಾರಿ ದರ್ಜೆ ಸಿಕೆ-4, ಹೊಗೆ ಸೋಸುವ ಫಿಲ್ಟರ್ ಇರುವ ಇಂಜಿನ್‌ಗಳನ್ನು ನೋಡಿ ಮಾಡಿದ್ದು. ಹೊಗೆಗೆ ಮಿತಿ ಹಾಕುವ 2023ರ ಟ್ರೆಮ್-4 ನಿಯಮವೂ 50 ಎಚ್‌ಪಿ ದಾಟಿದ ಟ್ರ್ಯಾಕ್ಟರ್‌ಗಳಿಗೆ, ನಮ್ಮದಕ್ಕಲ್ಲ. ಚಳಿಗಾಲಕ್ಕೆ ತೆಳು 5ಡಬ್ಲ್ಯೂ? ಬೇಡ. ಮಲೆನಾಡಿನ ಚಳಿ ಆಯಿಲ್‌ಗೆ ಚಳಿಯೇ ಅಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಇಂಜಿನ್ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ನೋಡಿ. ಅದು ಬಿಸಿಯಾಗುವ ತನಕ ಕೆಲವು ಸೆಕೆಂಡ್ ತಡೆದು ಕೀ ತಿರುಗಿಸಬೇಕು, ನಮ್ಮ ಡ್ರೈವರ್‌ಗಳಿಗೆ ಆ ತಾಳ್ಮೆ ಇಲ್ಲ.

ಹುಷಾರಾಗಿರಬೇಕಾದ್ದು ಹಿಂದಿನ ಹೌಸಿಂಗ್ ವಿಷಯದಲ್ಲಿ. ಗೇರು, ಹೈಡ್ರಾಲಿಕ್ ಲಿಫ್ಟು, ಆಯಿಲ್‌ನಲ್ಲೇ ಮುಳುಗಿರುವ ಬ್ರೇಕು, ಮೂರಕ್ಕೂ ಅಲ್ಲಿ ಒಂದೇ ಆಯಿಲ್. ಕಂಪನಿ ಹೇಳುವುದು ಯುಡಿಟಿ, ಈ ಮೂರಕ್ಕೂ ಆಗುವ ಕುಬೋಟಾದ್ದೇ ಆಯಿಲ್. ಬರೀ 90 ಗೇರ್ ಆಯಿಲ್ ಸುರಿದರೆ ಗೇರಿನ ಹಲ್ಲಿಗೆ ತೊಂದರೆಯಿಲ್ಲ. ಆದರೆ ಅಷ್ಟು ದಪ್ಪದ್ದನ್ನು ಬೆಳಗಿನ ಹೊತ್ತು ಲಿಫ್ಟ್ ಪಂಪ್ ಎಳೆಯಲು ಒದ್ದಾಡುತ್ತದೆ, ಬ್ರೇಕ್ ಪ್ಲೇಟಿಗೆ ಬೇಕಾದ ಗುಣವೂ ಅದರಲ್ಲಿಲ್ಲ. ಪಕ್ಕದ ತೋಟದ ಗಾಡಿಗೆ ಒಬ್ಬ ಮೆಕ್ಯಾನಿಕ್ "ಎಲ್ಲಾ ಒಂದೇ ಸಾರ್" ಎಂದು 90 ತುಂಬಿಸಿಬಿಟ್ಟ. ಇಳಿಜಾರಿನಲ್ಲಿ ಬ್ರೇಕ್ ತುಳಿದಾಗಲೆಲ್ಲ ಆಚೆ ಗುಡ್ಡಕ್ಕೆ ಕೇಳುವಂತೆ ಕಿರುಗುಟ್ಟುತ್ತಿತ್ತು. ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಯುಡಿಟಿ ಹಾಕಿದ ಮೇಲೆ ನಿಂತಿತು. ಗೇರ್ ಆಯಿಲ್‌ಗೆ ಜಾಗ ಮುಂದಿನ ಆಕ್ಸಲ್, ಅಲ್ಲಿಗೆ ಹೊಸ 80ಡಬ್ಲ್ಯೂ-90 ಆದರೆ ಸರಿ.

ಹೊಸ ಗಾಡಿ 50 ಗಂಟೆ ಓಡಿದ ಕೂಡಲೇ ಇಂಜಿನ್ ಆಯಿಲ್, ಅದರ ಫಿಲ್ಟರ್, ಹಿಂದಿನ ಆಯಿಲ್‌ನ ಫಿಲ್ಟರ್ ಬದಲಾಗಲೇಬೇಕು. ಹೊಸ ಲೋಹ ಉಜ್ಜಿ ಉದುರಿದ ಪುಡಿಯೆಲ್ಲ ಅಲ್ಲೇ ಇರುತ್ತದೆ.

ಇನ್ನು ನೀರು. ಆರಿದ್ರಾ ಮಳೆ ಹಿಡಿದರೆ ಗಾಡಿ ವಾರಗಟ್ಟಲೆ ಶೆಡ್ಡಿನಲ್ಲೇ. ಟ್ಯಾಂಕ್ ಅರ್ಧ ಖಾಲಿಯಿದ್ದರೆ ಒಳಗೋಡೆ ಬೆವರಿ ಡೀಸೆಲ್‌ಗೆ ನೀರಿಳಿಯುತ್ತದೆ. ತುಂಬಿಸಿಯೇ ನಿಲ್ಲಿಸುತ್ತೇನೆ, ಮತ್ತೆ ಹೊರಡಿಸುವ ಮುಂಚೆ ಡೀಸೆಲ್ ಫಿಲ್ಟರ್ ಬಟ್ಟಲು ಬಿಚ್ಚಿ ನೀರಿದೆಯಾ ನೋಡುತ್ತೇನೆ. ಡಿಪ್‌ಸ್ಟಿಕ್‌ನಲ್ಲಿ ಹಿಂದಿನ ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ಅದಕ್ಕೂ ನೀರು ಸೇರಿದೆ, ಮುಗಿಯಿತು, ಎಷ್ಟೇ ಹೊಸದಾದರೂ ಇಳಿಸಿಬಿಡಿ. ಮಳೆಗೆ ಮುಂಚೆ ಬೋರ್ಡೋ ಹೊಡೆಯುವವರು ಅದೇ ಸಂಜೆ ಗಾಡಿ ತೊಳೆದು ಗ್ರೀಸ್ ಹಾಕಿ, ಅದರಲ್ಲಿರುವ ಮೈಲುತುತ್ತ ಕಬ್ಬಿಣ ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ.

ಬೇಸಿಗೆ ಧೂಳಿಗೆ ಏರ್ ಫಿಲ್ಟರಿನ ಹೊರ ಎಲಿಮೆಂಟ್‌ಗೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಒಳಗಿನ ಚಿಕ್ಕದನ್ನು ಸುಮ್ಮನೆ ಬಿಚ್ಚಬೇಡಿ.

ಮರಳು, ಜಲ್ಲಿ ಟ್ರೈಲರ್ ಎಳೆಸುವ ಯೋಚನೆ ಇದ್ದರೆ ಇದನ್ನು ಕೊಳ್ಳಬೇಡಿ. ಹಗುರ ಗಾಡಿ, ಇಳಿಜಾರಿನಲ್ಲಿ ಲೋಡೇ ಹಿಂದಿನಿಂದ ತಳ್ಳುತ್ತದೆ, ಯಾವ ಆಯಿಲ್ ಹಾಕಿದ್ದರೂ.